ವಿಡಿಯೋ ಕಂಪ್ರೆಶನ್‌ಗೆ ಯಾವ ಪುಸ್ತಕ? ಹಾಸನದ ಒಂದು ಲೈಬ್ರರಿ ಲಿಸ್ಟು, ಒಂದು ಆನೆ ಕ್ಯಾಮೆರಾ

ನಾನು ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡ್ತೀನಿ, ಡಿಪಾರ್ಟ್‌ಮೆಂಟ್ ಕಡೆಯಿಂದ ಲೈಬ್ರರಿ ಲಿಸ್ಟ್ ಮಾಡೋ ಜವಾಬ್ದಾರಿನೂ ನಂದೇ. ಮಾರ್ಚ್ ಎಂಡಿಂಗ್ ಹೊತ್ತಿಗೆ ವಿಡಿಯೋ ಕಂಪ್ರೆಶನ್, ಅಂದ್ರೆ ವಿಡಿಯೋ ಫೈಲನ್ನ ಚಿಕ್ಕದು ಮಾಡೋ ವಿದ್ಯೆ, ಅದರ ಮೇಲೆ ಪುಸ್ತಕ ಆರಿಸೋ ಕೆಲಸ ಬಂತು. ಅದನ್ನ ಮಾಮೂಲಿ ಥರ ಮಾಡ್ಲಿಲ್ಲ, ಹೇಗೆ ಮಾಡಿದ್ವಿ, ಯಾವುದು ತಗೊಂಡ್ವಿ, ಯಾವುದು ಯಾಕೆ ಬಿಟ್ವಿ ಅಂತ ಪೂರ್ತಿ ಬರೀತಿದೀನಿ, ಯಾಕಂದ್ರೆ ಈ ಸಬ್ಜೆಕ್ಟಿಗೆ ಪುಸ್ತಕ ಹುಡುಕೋರು ನಮ್ ಕಡೆ ಕಾಲೇಜುಗಳಲ್ಲಿ ಬೇಕಾದಷ್ಟು ಜನ ಇದಾರೆ, ಕ್ಯಾಟಲಾಗ್ ನೋಡಿ ಆರಿಸಿ ಆಮೇಲೆ ಪುಸ್ತಕ ಕಪಾಟಲ್ಲಿ ಧೂಳು ತಿನ್ನೋದನ್ನ ನೋಡೋದೇ ಆಗಿದೆ.

ಅದೇ ಟೈಮಿಗೆ ಫೈನಲ್ ಇಯರಿನ ನಾಲ್ಕು ಜನ ಒಂದು ಪ್ರಾಜೆಕ್ಟ್ ಹಿಡ್ಕೊಂಡು ಒದ್ದಾಡ್ತಿದ್ರು. ಅದರಲ್ಲಿ ಒಬ್ಬಳದು ಸಕಲೇಶಪುರದ ಕಡೆ ಕಾಫಿ ತೋಟ. ಆ ಭಾಗದಲ್ಲಿ, ಆಲೂರು ಬೇಲೂರು ಕಡೆನೂ, ಆನೆ ಕಾಟ ಎಷ್ಟಿದೆ ಅಂತ ಹಾಸನದೋರಿಗೆ ಹೇಳೋದೇ ಬೇಡ, ಬೆಳಿಗ್ಗೆ ಕೆಲಸದೋರು ತೋಟಕ್ಕೆ ಇಳಿಯೋ ಮುಂಚೆ ರಾತ್ರಿ ಬಂದ ಆನೆ ಇನ್ನೂ ಒಳಗೇ ಇದ್ಯಾ ಹೋಯ್ತಾ ಅನ್ನೋದು ಪ್ರಾಣದ ಪ್ರಶ್ನೆ. ಇವರ ಐಡಿಯಾ ಏನಂದ್ರೆ ಬೇಲಿ ಹತ್ರ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕ್ಯಾಮೆರಾ ಹಾಕಿ, ಏನಾದ್ರೂ ಅಲ್ಲಾಡಿದ್ರೆ ಸಣ್ಣ ಕ್ಲಿಪ್ ಮನೆಯೋರ ಫೋನಿಗೆ ಕಳಿಸೋದು. ಹಗಲು ಕ್ಲಿಪ್ ಚೆನ್ನಾಗೇ ಬರ್ತಿತ್ತು. ರಾತ್ರಿ, ಅದರಲ್ಲೂ ಮಳೆ ರಾತ್ರಿ, ಅಷ್ಟೇ ಸೆಕೆಂಡಿನ ಕ್ಲಿಪ್ ಹಗಲಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ, ಅಲ್ಲಿರೋ ಒಂದು ಕಡ್ಡಿ ಸಿಗ್ನಲ್ಲಲ್ಲಿ ಹೋಗೋದೇ ಇಲ್ಲ. ಕತ್ತಲಲ್ಲಿ ಕಾಣೋದೇ ಕಮ್ಮಿ, ಅಂದ್ಮೇಲೆ ಫೈಲ್ ಚಿಕ್ಕದಾಗ್ಬೇಕಲ್ವಾ ಸಾರ್, ದೊಡ್ಡದ್ಯಾಕೆ ಆಗ್ತಿದೆ? ಈ ಪ್ರಶ್ನೆ ಹಿಡ್ಕೊಂಡು ಅವರು ಲೈಬ್ರರಿಗೆ ಹೋಗಿದ್ರು. ಅಲ್ಲಿದ್ದ ದಪ್ಪ ಪುಸ್ತಕದಲ್ಲಿ ಉತ್ತರ ಇರ್ಲಿಲ್ಲ.

ಆ ದಪ್ಪ ಪುಸ್ತಕದ ಹೆಸರು ಹೇಳಲ್ಲ, ಆದ್ರೆ ಆ ಜಾತಿ ಪುಸ್ತಕ ನೀವೂ ನೋಡಿರ್ತೀರಿ. ಕವರ್ ಮೇಲೆ ಜೆಪೆಗ್‌ನಿಂದ ಹಿಡಿದು ಎಲ್ಲಾ ಸ್ಟ್ಯಾಂಡರ್ಡುಗಳ ಹೆಸರು, ಒಳಗೆ ಒಂದೊಂದಕ್ಕೂ ಒಂದು ಬ್ಲಾಕ್ ಡಯಾಗ್ರಾಂ, ಒಂದು ಟೇಬಲ್, ಹಿಂದಿನದಕ್ಕಿಂತ ಇದು ಇಷ್ಟು ಪರ್ಸೆಂಟ್ ಉತ್ತಮ ಅಂತ ಒಂದು ಸಾಲು. ಓದಿ ಮುಗಿಸಿದ್ರೆ ಪರೀಕ್ಷೆಗೆ ಹತ್ತು ಮಾರ್ಕಿನ ಉತ್ತರ ಬರೀಬಹುದು, ಆದ್ರೆ ಒಂದೇ ಒಂದು ಬ್ಲಾಕನ್ನ ಕೈಯಲ್ಲಿ ಕಂಪ್ರೆಸ್ ಮಾಡೋಕೆ ಬರಲ್ಲ.

ಹಾಗಾಗಿ ಈ ಸಲ ನಾನು ಸ್ಟೂಡೆಂಟ್ಸ್‌ಗೆ ಹೇಳಿದ್ದು ಇಷ್ಟೇ, ನಿಮ್ ಪ್ರಾಜೆಕ್ಟಿನ ಪ್ರಶ್ನೆಗಳನ್ನೇ ಪುಸ್ತಕಗಳ ಮುಂದೆ ಇಡೋಣ, ಯಾವ ಪುಸ್ತಕ ಉತ್ತರ ಕೊಡುತ್ತೋ ಅದನ್ನ ಲಿಸ್ಟಿಗೆ ಹಾಕ್ತೀನಿ. ಪುಸ್ತಕಗಳನ್ನ ಬೆಂಗಳೂರಲ್ಲಿರೋ ಹಳೇ ಸ್ಟೂಡೆಂಟ್ಸ್ ಹತ್ರ, ಬೇರೆ ಲೈಬ್ರರಿಗಳಿಂದ ಎರವಲು ತಂದ್ವಿ.

ಅದಕ್ಕೂ ಮುಂಚೆ ಒಂದು ವಿಷಯ ಕ್ಲಿಯರ್ ಮಾಡ್ಕೊಂಡ್ವಿ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾಗಿದ್ದು ಇದೇ. ವಿಡಿಯೋ ಕಂಪ್ರೆಶನ್ನಿನ ಸ್ಟ್ಯಾಂಡರ್ಡ್ ಎಚ್.264 ಆಗ್ಲಿ, ಎಚ್.265 ಆಗ್ಲಿ, ಅದರ ಡಾಕ್ಯುಮೆಂಟ್ ಅಂತಾರಾಷ್ಟ್ರೀಯ ಟೆಲಿಕಾಂ ಸಂಸ್ಥೆ ಐಟಿಯು ವೆಬ್‌ಸೈಟಲ್ಲಿ ಫ್ರೀ ಆಗಿ ಸಿಗುತ್ತೆ, ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಬಹುದು. ನೂರಾರು ಪುಟ, ಒಂದೊಂದು ಬಿಟ್ಟೂ ಏನು ಅಂತ ಅದರಲ್ಲಿದೆ. ಆದ್ರೆ ಅದರಲ್ಲಿ ಇರೋದು ಎರಡೇ, ಬಿಟ್‌ಸ್ಟ್ರೀಮ್, ಅಂದ್ರೆ ಕಂಪ್ರೆಸ್ ಆದ ಬಿಟ್‌ಗಳ ಸಾಲು, ಹೇಗಿರ್ಬೇಕು, ಡಿಕೋಡರ್ ಅದನ್ನ ಹೇಗೆ ಬಿಚ್ಬೇಕು. ಕಂಪ್ರೆಸ್ ಮಾಡೋ ಎನ್‌ಕೋಡರ್ ಹೇಗೆ ಯೋಚನೆ ಮಾಡ್ಬೇಕು, ಯಾವ ಮೋಡ್ ಆರಿಸ್ಬೇಕು, ಮೋಷನ್ ವೆಕ್ಟರ್, ಅಂದ್ರೆ ಬ್ಲಾಕ್ ಹಿಂದಿನ ಫ್ರೇಮಿಂದ ಎಷ್ಟು ಸರಿದಿದೆ ಅನ್ನೋದು, ಹೇಗೆ ಹುಡುಕ್ಬೇಕು, ಬಿಟ್ ಎಲ್ಲಿ ಖರ್ಚು ಮಾಡಿ ಎಲ್ಲಿ ಉಳಿಸ್ಬೇಕು, ಇದ್ಯಾವುದನ್ನೂ ಸ್ಟ್ಯಾಂಡರ್ಡ್ ಕಡ್ಡಾಯ ಮಾಡಲ್ಲ, ಬೇಕಂತಲೇ ಬಿಟ್ಟಿದಾರೆ, ಅದಕ್ಕೇ ಒಂದೇ ಎಚ್.264ಗೆ ಕಳಪೆ ಎನ್‌ಕೋಡರೂ ಇದೆ, ಎಕ್ಸ್264 ಥರದ ಅದ್ಭುತ ಎನ್‌ಕೋಡರೂ ಇದೆ. ಮತ್ತೆ ಯಾಕೆ ಹಾಗೆ ಡಿಸೈನ್ ಮಾಡಿದ್ರು ಅನ್ನೋದನ್ನೂ ಸ್ಟ್ಯಾಂಡರ್ಡ್ ಹೇಳಲ್ಲ. ಅಂದ್ರೆ ಟೆಕ್ಸ್ಟ್‌ಬುಕ್ಕಿನ ಕೆಲಸ ಏನು? ಸ್ಟ್ಯಾಂಡರ್ಡ್ ಬಿಟ್ಟಿರೋದನ್ನ ತುಂಬೋದು. ಪುಕ್ಕಟೆ ಸಿಗೋ ಡಾಕ್ಯುಮೆಂಟನ್ನೇ ಸಣ್ಣದು ಮಾಡಿ ಸಾವಿರಾರು ರೂಪಾಯಿಗೆ ಮಾರೋ ಪುಸ್ತಕ ನಮ್ ಲೈಬ್ರರಿಗೆ ಬೇಡ. ಈ ಅಳತೆಗೋಲು ಇಟ್ಕೊಂಡ ಮೇಲೆ ಅರ್ಧಕ್ಕರ್ಧ ಪುಸ್ತಕ ಅಲ್ಲೇ ಬಿದ್ದು ಹೋದ್ವು.

ಹೊಸ ಪುಸ್ತಕನೇ ಬೇಕು ಅನ್ನೋ ಒತ್ತಡನೂ ಇತ್ತು. ಲಿಸ್ಟ್ ನೋಡೋರು ಮೊದಲು ನೋಡೋದು ಇಸವಿ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ ಇದೆ. ಎಂಪೆಗ್-2 ಬಂದಿದ್ದು 1995ರ ಆಸುಪಾಸು, ಎಚ್.264 ಮೊದಲ ಆವೃತ್ತಿ 2003, ಎಚ್‌ಇವಿಸಿ ಅಂದ್ರೆ ಎಚ್.265 2013, ಎವಿ1 2018, ವಿವಿಸಿ 2020. ಇಷ್ಟೆಲ್ಲಾ ಬಂದ್ರೂ ಅಸ್ಥಿಪಂಜರ ಒಂದೇ, ಚಿತ್ರನ ಬ್ಲಾಕ್ ಮಾಡು, ಪಕ್ಕದ ಬ್ಲಾಕಿಂದನೋ ಹಿಂದಿನ ಫ್ರೇಮಿಂದನೋ ಊಹೆ ಮಾಡು, ಊಹೆಗೂ ನಿಜಕ್ಕೂ ಇರೋ ವ್ಯತ್ಯಾಸನ ಟ್ರಾನ್ಸ್‌ಫಾರ್ಮ್ ಮಾಡು, ಅಂದ್ರೆ ನಿಧಾನ ಬದಲಾವಣೆ ಚುರುಕು ಬದಲಾವಣೆ ಅಂತ ಬಿಡಿಸು, ಕ್ವಾಂಟೈಸ್ ಮಾಡು, ಅಂದ್ರೆ ಬಂದ ನಂಬರನ್ನ ಒಂದು ಸ್ಟೆಪ್ಪಿಂದ ಭಾಗಿಸಿ ರೌಂಡ್ ಮಾಡು, ಎಂಟ್ರೊಪಿ ಕೋಡ್ ಮಾಡು, ಅಂದ್ರೆ ಪದೇ ಪದೇ ಬರೋದಕ್ಕೆ ಕಮ್ಮಿ ಬಿಟ್ ಕೊಡು. ಎಚ್.264ನಲ್ಲಿ 16×16 ಪಿಕ್ಸೆಲ್ಲಿನ ಮ್ಯಾಕ್ರೊಬ್ಲಾಕ್ ಇದ್ದಿದ್ದು ಎಚ್‌ಇವಿಸಿಲಿ 64×64 ತನಕ ಹೋಯ್ತು, ವಿವಿಸಿಲಿ 128×128 ತನಕ, 4×4 ಬ್ಲಾಕಿಗೆ 9 ಇದ್ದ ಇಂಟ್ರಾ ಮೋಡು, ಅಂದ್ರೆ ಪಕ್ಕದ ಬ್ಲಾಕಿಂದ ಊಹೆ ಮಾಡೋ ವಿಧಾನ, ಎಚ್‌ಇವಿಸಿಲಿ 35 ಆಯ್ತು, ವಿವಿಸಿಲಿ 67. ಒಂದನ್ನ ಬುಡದಿಂದ ಕಲಿತೋನಿಗೆ ಉಳಿದಿದ್ದನ್ನ ಓದ್ಕೊಳ್ಳೋದು ಕಷ್ಟ ಇಲ್ಲ. ಹಳೇ ಸ್ಟ್ಯಾಂಡರ್ಡು ಸಾಯೋದೂ ಇಲ್ಲ. ನಮ್ ಹಾಸನದಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ, ಅಲ್ಲಿಂದ ನೋಡ್ಕೊಳ್ಳೋ ಜಿಸ್ಯಾಟ್-15 ಉಪಗ್ರಹದ ಮೇಲೇ ಡಿಡಿ ಫ್ರೀ ಡಿಶ್ ಬರೋದು, ಅದರಲ್ಲಿ ಎಂಪೆಗ್-2 ಚಾನೆಲ್ಲೂ ಎಂಪೆಗ್-4 (ಅಂದ್ರೆ ಎಚ್.264) ಚಾನೆಲ್ಲೂ ಅಕ್ಕಪಕ್ಕ ಇದಾವೆ. ಇವರ ಪೈ 4 ಬೋರ್ಡಲ್ಲಿರೋ ಹಾರ್ಡ್‌ವೇರ್ ಎನ್‌ಕೋಡರ್ ಕೂಡ ಎಚ್.264ದೇ. ಹಾಗಿದ್ಮೇಲೆ ಇಸವಿ ನೋಡಿ ಪುಸ್ತಕ ತಳ್ಳಿ ಹಾಕೋದು ಸರಿ ಅಲ್ಲ.

ಈಗ ಪರೀಕ್ಷೆಗಳ ವಿಷಯಕ್ಕೆ ಬರ್ತೀನಿ.

ಮೊದಲನೇದು ಚಿಕ್ಕದು. ಸ್ಟೂಡೆಂಟ್ಸ್ ಮೊದಲು 1920×1080ರಲ್ಲಿ ರೆಕಾರ್ಡ್ ಮಾಡಿದ ಕ್ಲಿಪ್‌ನ ಹೆಡರ್, ಅಂದ್ರೆ ಶುರುವಿನಲ್ಲಿರೋ ವಿವರ, ಬಿಚ್ಚಿ ನೋಡಿದಾಗ ಒಳಗೆ ಎತ್ತರ 1088 ಅಂತ ಬರ್ತಿತ್ತು. ಎಲ್ಲಿಂದ ಬಂತು ಈ ಎಂಟು ಸಾಲು? 1080ನ 16ರಿಂದ ಭಾಗಿಸಿದ್ರೆ 67.5, ಅರ್ಧ ಮ್ಯಾಕ್ರೊಬ್ಲಾಕ್ ಅನ್ನೋದು ಇಲ್ಲ, ಅದಕ್ಕೆ 68 ಸಾಲು ಬ್ಲಾಕ್ ಕೋಡ್ ಮಾಡಿ, ಕೊನೇ ಎಂಟು ಸಾಲು ಕತ್ತರಿಸಿ ತೋರ್ಸು ಅಂತ ಹೆಡರಲ್ಲೇ ಹೇಳ್ತಾರೆ. ಹೆಡರಲ್ಲಿ ಮ್ಯಾಕ್ರೊಬ್ಲಾಕ್ ಲೆಕ್ಕದಲ್ಲಿ ಅಗಲ 119 ಅಂತ ಇರುತ್ತೆ, ಎತ್ತರ 67 ಅಂತ, ಎರಡೂ ಒಂದು ಕಮ್ಮಿ ಮಾಡಿ ಬರೆದಿದ್ದು, ಕತ್ತರಿಸೋ ಲೆಕ್ಕ 4 ಅಂತ ಇರುತ್ತೆ, 4:2:0 ಕಲರ್, ಅಂದ್ರೆ ಚಿತ್ರದ ಎರಡು ಸಾಲಿಗೆ ಬಣ್ಣದ ಒಂದು ಸಾಲು, ಆಗಿರೋದ್ರಿಂದ ಒಂದು ಯೂನಿಟ್ ಅಂದ್ರೆ ಎರಡು ಸಾಲು. ಆ 119 ಕೂಡ ನೇರವಾಗಿ ಬರೆದಿರಲ್ಲ, ಎಕ್ಸ್‌ಪೊನೆನ್ಷಿಯಲ್ ಗೋಲೊಂಬ್ ಕೋಡಲ್ಲಿರುತ್ತೆ, ಒಂದು ಕೂಡಿಸಿ 120 ಮಾಡು, ಬೈನರಿಲಿ 1111000, ಏಳು ಅಂಕಿ, ಮುಂದೆ ಆರು ಸೊನ್ನೆ ಸೇರ್ಸು, 0000001111000. ಕಾಫಿ ತೋಟದ ಹುಡುಗಿ ಆ ಬಿಟ್‌ಗಳನ್ನ ಪ್ರಿಂಟ್ ತೆಗೆದು ಪೆನ್ಸಿಲ್ಲಲ್ಲಿ ಗೆರೆ ಹಾಕ್ಕೊಂಡು ಸೊನ್ನೆ ಎಣಿಸಿ 119 ತೆಗೆದಾಗ ಕ್ಲಾಸಲ್ಲಿ ಯಾರ ಮುಖದಲ್ಲೂ ನಿದ್ದೆ ಇರ್ಲಿಲ್ಲ. ಈ ಪರೀಕ್ಷೆಲಿ ಕೋಡ್ ಹೇಗೆ ಓದೋದು ಅಂತ ಇಯಾನ್ ರಿಚರ್ಡ್‌ಸನ್ ಅವರ ಎಚ್.264 ಪುಸ್ತಕ ಕಲಿಸ್ತು, 1088ರ ಉತ್ತರ ಸ್ಟ್ಯಾಂಡರ್ಡಲ್ಲೇ ಹುಡುಕಿದ್ವಿ. ಪುಸ್ತಕ ಕಲಿಸಿ, ಸ್ಟ್ಯಾಂಡರ್ಡ್ ಕೈಗೆ ಕೊಟ್ಟು ಮುಂದೆ ನೀನೇ ಓದು ಅನ್ನೋ ಹಾಗಿರ್ಬೇಕು, ಇದು ಹಾಗಿತ್ತು.

ಎರಡನೇದು ನಿಜವಾದ ಪರೀಕ್ಷೆ, ಇದ್ರಲ್ಲೇ ಜಾಸ್ತಿ ಪುಸ್ತಕ ಸೋತಿದ್ದು. ಒಂದು 4×4 ಬ್ಲಾಕ್ ತಗೊಳ್ಳಿ, ಊಹೆಗೂ ನಿಜಕ್ಕೂ ಇರೋ ವ್ಯತ್ಯಾಸ ಹದಿನಾರೂ ಕಡೆ 5 ಅಂತ ಇಟ್ಕೊಳ್ಳಿ. ಕ್ಯೂಪಿ, ಅಂದ್ರೆ ಎಷ್ಟು ಒರಟಾಗಿ ಕ್ವಾಂಟೈಸ್ ಮಾಡ್ಬೇಕು ಅನ್ನೋ ನಂಬರ್, 28. ಈ ಬ್ಲಾಕ್ ಎನ್‌ಕೋಡ್ ಆಗಿ ಆ ಕಡೆ ಡಿಕೋಡ್ ಆದ್ಮೇಲೆ ಎಷ್ಟಾಗಿ ಬರುತ್ತೆ? ಪುಸ್ತಕ ಮಾತ್ರ ನೋಡ್ಕೊಂಡು, ಕ್ಯಾಲ್ಕುಲೇಟರ್ ಇಟ್ಕೊಂಡು ಹೇಳ್ಬೇಕು. ಮೊದಲು ಮಾಮೂಲಿ ಡಿಸಿಟಿ (ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್) ಲೆಕ್ಕದಲ್ಲಿ ನೋಡೋಣ, ಎಲ್ಲಾ ಒಂದೇ ಬೆಲೆ ಇರೋದ್ರಿಂದ ಡಿಸಿ, ಅಂದ್ರೆ ಬ್ಲಾಕಿನ ಸರಾಸರಿ ಮಟ್ಟ ಹೇಳೋ ನಂಬರ್, ಒಂದೇ ಉಳಿಯೋದು, ಅದು 5×4 ಅಂದ್ರೆ 20. ಎಚ್.264ನಲ್ಲಿ ಕ್ಯೂಪಿ 4ಕ್ಕೆ ಸ್ಟೆಪ್ 1, ಪ್ರತಿ 6ಕ್ಕೂ ಡಬಲ್ ಆಗುತ್ತೆ, ಹಾಗಾಗಿ 28ಕ್ಕೆ 16. 20ನ 16ರಿಂದ ಭಾಗಿಸಿದ್ರೆ 1.25, ರೌಂಡ್ ಮಾಡಿದ್ರೆ 1. ವಾಪಸ್ ಗುಣಿಸಿದ್ರೆ 16, ನಾಲ್ಕರಿಂದ ಭಾಗಿಸಿದ್ರೆ 4. ಐದು ಹೋಗಿ ನಾಲ್ಕಾಗಿ ಬಂತು, ಕಳ್ಕೊಂಡಿದ್ದು ಒಂದು, ಕಳಿಸಿದ್ದು ಒಂದೇ ಒಂದು ನಂಬರ್.

ಆದ್ರೆ ನಿಜವಾದ ಎನ್‌ಕೋಡರ್, ಡಿಕೋಡರ್ ಹೀಗೆ ಮಾಡಲ್ಲ, ಅಲ್ಲಿ ದಶಮಾಂಶನೇ ಇಲ್ಲ. ಎನ್‌ಕೋಡರ್ ಕಡೆ ಟ್ರಾನ್ಸ್‌ಫಾರ್ಮ್ ಮ್ಯಾಟ್ರಿಕ್ಸಲ್ಲಿ 1, 2, ಅವುಗಳ ಮೈನಸ್ ಅಷ್ಟೇ ಇರೋದು, ಅದ್ರಲ್ಲಿ ಡಿಸಿ 80 ಬರುತ್ತೆ, ಹದಿನಾರು ಐದುಗಳ ಮೊತ್ತ. ಕ್ಯೂಪಿ 28ನ 6ರಿಂದ ಭಾಗಿಸಿದ್ರೆ ಶೇಷ 4, ಟೇಬಲ್ಲಲ್ಲಿ ಆ ಸಾಲಿನ ಗುಣಕ 8192. 80×8192 ಅಂದ್ರೆ 655360, ಅದಕ್ಕೆ ರೌಂಡಿಂಗಿಗೆ 174762 ಕೂಡಿಸು, 19 ಬಿಟ್ ಬಲಕ್ಕೆ ಜರುಗಿಸು, 1 ಬಂತು. ಡಿಕೋಡರ್ ಕಡೆ 1×16×16, 256. ಇನ್ವರ್ಸ್ ಆದ್ಮೇಲೆ ಪ್ರತಿ ಜಾಗದಲ್ಲೂ 256, ಅದಕ್ಕೆ 32 ಕೂಡಿಸಿ 6 ಬಿಟ್ ಜರುಗಿಸಿದ್ರೆ 4. ಎರಡು ದಾರಿಲಿ ಹೋದ್ರೂ 4ಕ್ಕೇ ಬಂದು ನಿಂತ್ವಿ. ಇದನ್ನ ಬೋರ್ಡ್ ಮೇಲೆ ಸ್ಟೂಡೆಂಟ್ಸ್ ಕೈಲೇ ಮಾಡಿಸಿದ್ದು. 8192 ಎಲ್ಲಿಂದ ಬಂತು, ಸ್ಕೇಲಿಂಗನ್ನ ಟ್ರಾನ್ಸ್‌ಫಾರ್ಮಿಂದ ತೆಗೆದು ಕ್ವಾಂಟೈಸರ್ ಒಳಗೆ ಯಾಕೆ ಸೇರಿಸಿದ್ರು, ಇಂಟಿಜರ್ ಯಾಕೆ ಬೇಕಿತ್ತು, ಇದನ್ನೆಲ್ಲಾ ರಿಚರ್ಡ್‌ಸನ್ ಪುಸ್ತಕ ಮ್ಯಾಟ್ರಿಕ್ಸ್ ಬಿಡಿಸಿ ಎಳೆಎಳೆಯಾಗಿ ಹೇಳುತ್ತೆ. ಇಂಟಿಜರ್ ಬೇಕಿದ್ದ ಕಾರಣನೂ ದೊಡ್ಡದೇ, ಎಂಪೆಗ್-2 ಕಾಲದಲ್ಲಿ ಇನ್ವರ್ಸ್ ಡಿಸಿಟಿನ ಒಬ್ಬೊಬ್ರು ಒಂದೊಂದು ಥರ ಲೆಕ್ಕ ಹಾಕ್ತಿದ್ರು, ಎನ್‌ಕೋಡರಲ್ಲಿರೋ ಚಿತ್ರಕ್ಕೂ ಡಿಕೋಡರಲ್ಲಿರೋ ಚಿತ್ರಕ್ಕೂ ಕೂದಲೆಳೆ ವ್ಯತ್ಯಾಸ ಬಂದು ಅದು ಫ್ರೇಮಿಂದ ಫ್ರೇಮಿಗೆ ಬೆಳೀತಿತ್ತು. ಇಂಟಿಜರ್ ಆದ್ಮೇಲೆ ಎರಡೂ ಕಡೆ ಒಂದೇ ಉತ್ತರ, ಬಿಟ್ಟಿಗೆ ಬಿಟ್ಟು.

ನಮ್ ದಪ್ಪ ಪುಸ್ತಕ ಇಲ್ಲಿ ಏನು ಮಾಡ್ತು ಗೊತ್ತಾ? ಮ್ಯಾಟ್ರಿಕ್ಸ್ ಕೊಟ್ಟಿದೆ, ಆಮೇಲೆ ಕ್ವಾಂಟೈಸ್ ಮಾಡಲಾಗುತ್ತದೆ ಅಂತ ಒಂದು ಬಾಕ್ಸ್. ಟೇಬಲ್ ಇಲ್ಲ, ರೌಂಡಿಂಗ್ ಇಲ್ಲ. ಬೇರೆ ಎರಡು ಹೊಸ ಪುಸ್ತಕದಲ್ಲಿ ಟೇಬಲ್ ಇತ್ತು, ಆದ್ರೆ ಅದನ್ನ ಹಿಡ್ಕೊಂಡು ಸ್ಟೂಡೆಂಟ್ಸಿಗೆ ಉತ್ತರ ಬರ್ಲಿಲ್ಲ, ಯಾಕಂದ್ರೆ ಯಾವ ಹೆಜ್ಜೆಲಿ ಎಷ್ಟು ಶಿಫ್ಟ್ ಅನ್ನೋದು ಪುಸ್ತಕ ಹೇಳದೆ ಮುಂದಕ್ಕೆ ಹೋಗಿತ್ತು. ಒಂದು ಲೆಕ್ಕನ ಕೊನೇ ತನಕ ಮಾಡಿ ತೋರಿಸದ ಪುಸ್ತಕ ಈ ಸಬ್ಜೆಕ್ಟಲ್ಲಿ ಪುಸ್ತಕನೇ ಅಲ್ಲ ಅಂತ ನಾನು ಈಗಲೂ ಹೇಳ್ತೀನಿ.

ಡಿಸಿಟಿ ಮಾತು ಬಂದಾಗ ಕ್ಲಾಸಲ್ಲಿ ಹೇಳ್ಲೇಬೇಕು ಅನ್ಸೋದು ಒಂದಿದೆ. ಡಿಸಿಟಿನ ಮೊದಲು ಪ್ರಕಟಿಸಿದ 1974ರ ಪೇಪರ್ ಬರೆದ ಮೂರು ಜನ ನಾಸಿರ್ ಅಹ್ಮದ್, ಟಿ. ನಟರಾಜನ್, ಕೆ. ಆರ್. ರಾವ್. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ ಬೆಂಗಳೂರಲ್ಲಿ, ಓದಿದ್ದು ಅಲ್ಲಿನ ಯುವಿಸಿಇ ಇಂಜಿನಿಯರಿಂಗ್ ಕಾಲೇಜಲ್ಲಿ. ಈ ಐಡಿಯಾಗೆ ದುಡ್ಡು ಕೊಡಿ ಅಂತ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ 1972ರಲ್ಲಿ ಅರ್ಜಿ ಹಾಕಿದ್ರೆ ಕೊಡ್ಲಿಲ್ಲ, ಆದ್ರೂ ಕೆಲಸ ಬಿಡ್ಲಿಲ್ಲ. ಇವತ್ತು ಫೋನಲ್ಲಿರೋ ಪ್ರತಿ ಜೆಪೆಗ್ ಫೋಟೋದಲ್ಲೂ ಅವರ ಲೆಕ್ಕ ಇದೆ. ನಮ್ ಹುಡುಗರಿಗೆ ಇದು ಗೊತ್ತಿರ್ಲಿಲ್ಲ, ಗೊತ್ತಾದ ದಿನ ಆ ಪೇಪರನ್ನ ಹುಡ್ಕಿ ಪ್ರಿಂಟ್ ತೆಗೆದು ಓದಿದ್ರು, ಕೆಲವೇ ಪುಟ, ಸೆಕೆಂಡ್ ಇಯರ್ ಗಣಿತ ಬಂದ್ರೆ ಓದ್ಬಹುದು.

ಮೂರನೇ ಪರೀಕ್ಷೆ ಅವರ ಮೂಲ ಪ್ರಶ್ನೆನೇ, ರಾತ್ರಿ ಮಳೆ ಕ್ಲಿಪ್ ಯಾಕೆ ಉಬ್ಬುತ್ತೆ. ಹೆಚ್ಚಿನ ಪುಸ್ತಕಗಳು ಉದಾಹರಣೆ ಕೊಡೋದು ಹಳೇ ಟೆಸ್ಟ್ ಕ್ಲಿಪ್‌ಗಳದು, ಫೋರ್‌ಮ್ಯಾನ್, ಅಕಿಯೊ, ಅಕಿಯೊದಲ್ಲಂತೂ ನ್ಯೂಸ್ ಓದೋ ಹೆಣ್ಣುಮಗಳು, ತುಟಿ ಕಣ್ಣು ಬಿಟ್ರೆ ಏನೂ ಅಲ್ಲಾಡಲ್ಲ. ಬೆಳಕು ಚೆನ್ನಾಗಿದೆ, ಹಿಂದಿನ ದೃಶ್ಯ ನಿಂತೇ ಇದೆ. ಅಂಥ ಕ್ಲಿಪ್ ನೋಡಿ ಕಲಿತೋನು ಸಕಲೇಶಪುರದ ತೋಟಕ್ಕೆ ಬಂದ್ರೆ ಏನೂ ಅರ್ಥ ಆಗಲ್ಲ. ಅಲ್ಲಿ ಸಿಲ್ವರ್ ಓಕ್ ಎಲೆ ಸದಾ ಅಲ್ಲಾಡ್ತಿರುತ್ತೆ, ಮಳೆ ಹನಿ ಲೆನ್ಸ್ ಮುಂದೆನೇ ಗೆರೆ ಎಳೆದು ಹೋಗುತ್ತೆ, ಕತ್ತಲಾದ್ರೆ ಕ್ಯಾಮೆರಾ ಗೇನ್ ಏರಿಸಿ, ಅಂದ್ರೆ ಸಿಗ್ನಲ್ ಹಿಗ್ಗಿಸಿ, ಚಿತ್ರದ ತುಂಬಾ ನಾಯ್ಸ್, ಅಡ್ಡಾದಿಡ್ಡಿ ಚುಕ್ಕೆಗಳು.

ಹಗಲಲ್ಲಿ ನಿಂತಿರೋ ಗಿಡ, ಬೇಲಿ, ಎಲ್ಲಾ ಮ್ಯಾಕ್ರೊಬ್ಲಾಕ್ ಸ್ಕಿಪ್ ಆಗುತ್ತೆ, ಹಿಂದಿನ ಫ್ರೇಮಲ್ಲಿದ್ದಿದ್ದೇ ಹಾಕ್ಕೋ ಅಂತ, ಅದಕ್ಕೆ ಹೆಚ್ಚುಕಮ್ಮಿ ಬಿಟ್ಟೇ ಖರ್ಚಿಲ್ಲ. ರಾತ್ರಿ ನಾಯ್ಸ್ ಇದ್ದಾಗ ಹಿಂದಿನ ಫ್ರೇಮಿನ ನಾಯ್ಸಿಗೂ ಈ ಫ್ರೇಮಿನ ನಾಯ್ಸಿಗೂ ಸಂಬಂಧನೇ ಇಲ್ಲ. ಒಂದ್ರಿಂದ ಇನ್ನೊಂದು ಕಳೆದ್ರೆ ಅದು ಹೋಗಲ್ಲ, ವೇರಿಯನ್ಸ್, ಅಂದ್ರೆ ಏರುಪೇರಿನ ಅಳತೆ, ಡಬಲ್ ಆಗುತ್ತೆ. ಊಹೆ ಮಾಡೋಕಾಗದ್ದನ್ನ ಕಂಪ್ರೆಸ್ ಮಾಡೋಕೂ ಆಗಲ್ಲ, ಎನ್‌ಕೋಡರ್ ಪಾಪ ಆ ಕಸನೆಲ್ಲಾ ನಿಯತ್ತಾಗಿ ಕೋಡ್ ಮಾಡ್ತಾ ಕೂರುತ್ತೆ. ಕತ್ತಲಲ್ಲಿ ಫೈಲ್ ದೊಡ್ಡದ್ಯಾಕೆ ಅನ್ನೋ ಅವರ ಪ್ರಶ್ನೆಗೆ ಉತ್ತರ ಇದು.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಬೇಕಾಗಿದ್ದು ರೇಟ್-ಡಿಸ್ಟಾರ್ಶನ್ ಲೆಕ್ಕ, ಇದೇ ಸ್ಟ್ಯಾಂಡರ್ಡಲ್ಲಿ ಇಲ್ಲದ ಭಾಗ. ಒಟ್ಟು ವೆಚ್ಚ ಅಂದ್ರೆ ಆದ ತಪ್ಪು, ಅದಕ್ಕೆ ಲ್ಯಾಂಬ್ಡಾ ಸಲ ಖರ್ಚಾದ ಬಿಟ್ ಕೂಡಿಸಿದ್ದು. ಎಚ್.264 ರೆಫರೆನ್ಸ್ ಸಾಫ್ಟ್‌ವೇರ್ ಜೆಎಂನಲ್ಲಿ ಬಳಸೋ ಲ್ಯಾಂಬ್ಡಾ 0.85 ಗುಣಿಸು 2ರ ಘಾತ, ಘಾತ ಅಂದ್ರೆ ಕ್ಯೂಪಿಲಿ 12 ಕಳೆದು 3ರಿಂದ ಭಾಗಿಸಿದ್ದು. ಕ್ಯೂಪಿ 28ಕ್ಕೆ ಸುಮಾರು 34. ಅಂದ್ರೆ ಒಂದು ಬಿಟ್ಟಿನ ಬೆಲೆ 34 ಸ್ಕ್ವೇರ್ಡ್ ಎರರ್. ಒಂದು ಬ್ಲಾಕ್ ಕೋಡ್ ಮಾಡೋಕೆ 40 ಬಿಟ್ ಹೆಚ್ಚಿಗೆ ಬೇಕು ಅಂದ್ರೆ 1360, ಸ್ಕಿಪ್ ಮಾಡಿದ್ರೆ ತಪ್ಪು 1000 ಜಾಸ್ತಿ ಆಗುತ್ತೆ ಅಂದ್ರೆ ಸ್ಕಿಪ್ಪೇ ಲಾಭ. ನಾಯ್ಸ್ ಇದ್ದಾಗ ಸ್ಕಿಪ್ಪಿನ ತಪ್ಪು 1360 ದಾಟುತ್ತೆ, ತಕ್ಕಡಿ ಆ ಕಡೆ ವಾಲುತ್ತೆ, ಪ್ರತಿ ಬ್ಲಾಕಲ್ಲೂ ವಾಲುತ್ತೆ. ಈ ಒಂದು ಲೆಕ್ಕ ಗೊತ್ತಾದ್ಮೇಲೆ ಸ್ಟೂಡೆಂಟ್ಸಿಗೆ ಏನು ಮಾಡ್ಬೇಕು ಅಂತ ತಾವೇ ಹೊಳೀತು, ಎನ್‌ಕೋಡರ್‌ಗೆ ಕೊಡೋ ಮುಂಚೆನೇ ಡಿನಾಯ್ಸ್ ಮಾಡೋದು, ರಾತ್ರಿ ಫ್ರೇಮ್ ರೇಟ್ ಇಳಿಸಿ ಎಕ್ಸ್‌ಪೋಷರ್ ಹೆಚ್ಚಿಸೋದು, ಆನೆ ಏನು ಓಡೋ ಕಾರಲ್ಲ ಅಲ್ವಾ, ಐದು ಫ್ರೇಮ್ ಬಂದ್ರೂ ಗೊತ್ತಾಗುತ್ತೆ, ಕ್ಯಾಮೆರಾನ ಅಲ್ಲಾಡೋ ಕೊಂಬೆ ಕಾಣದ ಕಡೆಗೆ ತಿರುಗಿಸೋದು.

ಈ ಮೂರನೇ ಪರೀಕ್ಷೆಗೆ ಯಾವ ಒಂದು ಪುಸ್ತಕನೂ ಪೂರ್ತಿ ಉತ್ತರ ಕೊಡ್ಲಿಲ್ಲ, ಅದನ್ನ ನೇರವಾಗಿ ಹೇಳ್ಬೇಕು. ರಿಚರ್ಡ್‌ಸನ್‌ದು ಮೋಡ್ ಆರಿಸೋದನ್ನ ಈ ವೆಚ್ಚದ ಲೆಕ್ಕದಲ್ಲೇ ಹೇಳುತ್ತೆ, ಅಲ್ಲಿಗೆ ಅರ್ಧ ದಾರಿ ಆಯ್ತು. ಉಳಿದರ್ಧ, ಅಂದ್ರೆ ಊಹೆಗೆ ಸಿಗದ್ದು ಯಾಕೆ ಕಂಪ್ರೆಸ್ ಆಗಲ್ಲ ಅನ್ನೋ ಬುಡದ ವಿಷಯ, ಖಾಲಿದ್ ಸಯೂದ್ ಅವರ ಡೇಟಾ ಕಂಪ್ರೆಶನ್ ಪುಸ್ತಕದಲ್ಲಿ ಸಿಕ್ತು. ಅದು ವಿಡಿಯೋ ಪುಸ್ತಕ ಅಲ್ಲ, ಹಫ್‌ಮನ್, ಅರಿತ್ಮೆಟಿಕ್ ಕೋಡಿಂಗ್, ಕ್ವಾಂಟೈಸೇಶನ್ ಎಲ್ಲಾ ಮುಗಿಸಿ ಆಮೇಲೆ ವಿಡಿಯೋಗೆ ಬರುತ್ತೆ, ಆದ್ರೆ ಎಂಟ್ರೊಪಿ ಅಂದ್ರೇನು ಅಂತ ಇಷ್ಟು ಸಲೀಸಾಗಿ ಹೇಳಿ ಅಧ್ಯಾಯದ ಕೊನೇಲಿ ಲೆಕ್ಕ ಕೊಡೋ ಪುಸ್ತಕ ನಾನು ಕಮ್ಮಿ ನೋಡಿದೀನಿ. ಎಚ್.264ನಲ್ಲಿರೋ ಅರಿತ್ಮೆಟಿಕ್ ಕೋಡಿಂಗ್ ವಿಧಾನ ಕಬಾಕ್ ಅರ್ಥ ಆಗ್ತಿಲ್ಲ ಅನ್ನೋ ಸ್ಟೂಡೆಂಟ್ಸಿಗೆ ನಾನು ಈಗ ಹೇಳೋದು ಒಂದೇ, ಮೊದಲು ಸಯೂದ್ ಪುಸ್ತಕದ ಅರಿತ್ಮೆಟಿಕ್ ಕೋಡಿಂಗ್ ಕೈಯಲ್ಲಿ ಮಾಡ್ಕೊಂಡು ಬಾ, ಆಮೇಲೆ ಮಾತಾಡೋಣ.

ಪಿಎಸ್‌ಎನ್‌ಆರ್, ಅಂದ್ರೆ ಚಿತ್ರದ ಕ್ವಾಲಿಟಿನ ಡಿಬಿಲಿ ಹೇಳೋ ಅಳತೆ, ಅದರ ಬಗ್ಗೆನೂ ಒಂದು ಪ್ರಶ್ನೆ ಇಟ್ಟಿದ್ವಿ, ಇದು ಪರೀಕ್ಷೆ ಅಂತ ಅಂದ್ಕೊಂಡಿರ್ಲಿಲ್ಲ, ಆದ್ರೆ ಪುಸ್ತಕದ ಗುಣ ತೋರಿಸ್ತು. ಅವರ ಈಗಿನ ಫ್ರೇಮ್ 1280×720, ಒಟ್ಟು 921600 ಪಿಕ್ಸೆಲ್. ದೂರದಲ್ಲಿರೋ ಆನೆ 64×48 ಜಾಗ ತಗೊಳ್ಳುತ್ತೆ ಅಂತ ಇಟ್ಕೊಳ್ಳಿ, 3072 ಪಿಕ್ಸೆಲ್, ಚಿತ್ರದ ಮುನ್ನೂರನೇ ಒಂದು ಭಾಗ. ಆನೆ ಇರೋ ಜಾಗದಲ್ಲಿ ಪ್ರತಿ ಪಿಕ್ಸೆಲ್ಲೂ 20 ಲೆವೆಲ್ ತಪ್ಪಿದೆ, ಕತ್ತಲಲ್ಲಿ ಅಷ್ಟು ತಪ್ಪಿದ್ರೆ ಆನೆ ಕಾಣೋದೇ ಇಲ್ಲ, ಬರೀ ಕಲೆ. ಬೇರೆ ಕಡೆ ಎಲ್ಲಾ ತಪ್ಪು 1 ಮಾತ್ರ. ತಪ್ಪುಗಳ ವರ್ಗ ಮಾಡಿ ಸರಾಸರಿ ಹಾಕಿದ್ರೆ 2.33, ಪಿಎಸ್‌ಎನ್‌ಆರ್ 44 ಡಿಬಿ ಮೇಲೆ. 40 ದಾಟಿದ್ರೆ ಬಹಳ ಒಳ್ಳೇ ಕ್ವಾಲಿಟಿ ಅಂತ ಬರೆದಿರೋ ಪುಸ್ತಕಗಳು ಇದಾವೆ, ಅವರ ಪ್ರಕಾರ ಈ ಆನೆ ಇಲ್ಲದ ಚಿತ್ರ ಉತ್ತಮ ಚಿತ್ರ! ಪಿಎಸ್‌ಎನ್‌ಆರ್ ಎಲ್ಲಿ ಕೈಕೊಡುತ್ತೆ ಅಂತ ಹೇಳದೆ ಬರೀ ಗ್ರಾಫ್ ಹಾಕಿರೋ ಪುಸ್ತಕನ ನಾವು ಕೆಳಗಿಟ್ವಿ. ಒಬ್ಬರ ಜೀವ ಉಳಿಸೋ ಕ್ಯಾಮೆರಾಗೆ ಇದು ಸಣ್ಣ ವಿಷಯ ಅಲ್ಲ.

ಎಚ್‌ಇವಿಸಿಗೆ ವಿವಿಯನ್ ಸ್ಜೆ, ಮಧುಕರ್ ಬುಡಗಾವಿ, ಗ್ಯಾರಿ ಸಲಿವನ್ ಸಂಪಾದಿಸಿದ 2014ರ ಸ್ಪ್ರಿಂಗರ್ ಪುಸ್ತಕ ನೋಡಿದ್ವಿ. ಸ್ಟ್ಯಾಂಡರ್ಡ್ ಮಾಡೋ ಕೆಲಸದಲ್ಲಿ ಕೂತಿದ್ದೋರೇ ಬರೆದ ಅಧ್ಯಾಯಗಳು, ಒಂದೊಂದು ಟೂಲ್ ಯಾಕೆ ಹಾಗಾಯ್ತು ಅನ್ನೋದು ಇದೆ, ನಾನು ಸ್ಟ್ಯಾಂಡರ್ಡಲ್ಲಿ ಸಿಗಲ್ಲ ಅಂದ ಆ ಯಾಕೆ ಇಲ್ಲಿ ಸಿಗುತ್ತೆ. ಕೊನೇಲಿ ಡಿಕೋಡರ್, ಎನ್‌ಕೋಡರ್ ಹಾರ್ಡ್‌ವೇರ್ ಮೇಲೆ ಒಂದೊಂದು ಅಧ್ಯಾಯ, ನಮ್ ವಿಎಲ್‌ಎಸ್‌ಐ (ಚಿಪ್ ಡಿಸೈನ್) ಮೇಷ್ಟ್ರು ಅದನ್ನ ನೋಡಿ ಪುಸ್ತಕನೇ ಎತ್ಕೊಂಡು ಹೋದ್ರು. ಆದ್ರೆ ಮೊದಲ ಪುಸ್ತಕ ಅಲ್ಲ, ಎಚ್.264 ಬರದೋನು ತೆಗೆದ್ರೆ ತಲೆಬುಡ ಗೊತ್ತಾಗಲ್ಲ. ಎಂಟನೇ ಸೆಮ್‌ಗೆ, ಪಿಜಿಗೆ ಸರಿ.

ಲಿಸ್ಟ್ ಕೊನೆಗೆ ಹೀಗಾಯ್ತು. ರಿಚರ್ಡ್‌ಸನ್ 2010ರ ಎರಡನೇ ಆವೃತ್ತಿ, ಒಂದಕ್ಕಿಂತ ಹೆಚ್ಚು ಕಾಪಿ, ಯಾಕಂದ್ರೆ ಇದು ಟೇಬಲ್ ಮೇಲೆ ಬಿಚ್ಚಿಟ್ಕೊಂಡು ಲೆಕ್ಕ ಮಾಡೋ ಪುಸ್ತಕ, ಒಂದೇ ಕಾಪಿ ಇದ್ರೆ ಒಂದು ಟೀಮ್ ಸೆಮಿಸ್ಟರ್ ಪೂರ್ತಿ ಇಟ್ಕೊಂಡಿರುತ್ತೆ. ಸಯೂದ್ ಒಂದು, ಎಚ್‌ಇವಿಸಿದು ಒಂದು. ಉಳಿದ ದುಡ್ಡಿಗೆ ಹೊಸ ಪುಸ್ತಕ ತಗೊಳ್ಳೋ ಬದಲು ಎಚ್.264 ಸ್ಟ್ಯಾಂಡರ್ಡಿನ ಸಿಂಟ್ಯಾಕ್ಸ್, ಸೆಮ್ಯಾಂಟಿಕ್ಸ್, ಟ್ರಾನ್ಸ್‌ಫಾರ್ಮ್ ಭಾಗಗಳನ್ನ ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿಲಿ ಪ್ರಿಂಟ್ ಹಾಕ್ಸಿ ಸ್ಪೈರಲ್ ಬೈಂಡ್ ಮಾಡಿಸಿ ಲ್ಯಾಬಲ್ಲಿ ಇಟ್ವಿ. ವಿವಿಸಿ ಮತ್ತು ಎಐ ಕಂಪ್ರೆಶನ್ ಅಂತ ಕವರಲ್ಲಿ ಹಾಕಿದ್ದ ದುಬಾರಿ ಪುಸ್ತಕ ಒಂದನ್ನ ಬಿಟ್ವಿ, ಅದರಲ್ಲೂ 4×4 ಲೆಕ್ಕದಷ್ಟು ಪೂರ್ತಿ ಮಾಡಿದ ಒಂದು ಉದಾಹರಣೆ ಇರ್ಲಿಲ್ಲ. ಇಸವಿ ಹಳೇದಾಯ್ತಲ್ಲ ಅಂತ ಮೀಟಿಂಗಲ್ಲಿ ಕೇಳಿದ್ರು, ಬೋರ್ಡ್ ಮೇಲಿನ ಲೆಕ್ಕದ ಫೋಟೋ ತೋರಿಸ್ದೆ, ಇದನ್ನ ಮಾಡಿದ್ದು ಫೈನಲ್ ಇಯರ್ ಸ್ಟೂಡೆಂಟ್ಸು, ಯಾವ ಪುಸ್ತಕ ಇಟ್ಕೊಂಡು ಮಾಡಿದ್ರು ಅಂದ್ರೆ ಇದೇ ಅಂತ. ಒಪ್ಕೊಂಡ್ರು.

ಪುಸ್ತಕ ಬಂದ್ಮೇಲೆ ಬಳಕೆ ಹೇಗಿದೆ ಅಂದ್ರೆ, ರಿಚರ್ಡ್‌ಸನ್ ಕಾಪಿಗಳು ಕಪಾಟಲ್ಲಿ ಇರೋದೇ ಅಪರೂಪ. ಸಯೂದ್ ಪುಸ್ತಕನ ಕಂಪ್ಯೂಟರ್ ಸೈನ್ಸ್ ಕಡೆಯೋರು ಜಾಸ್ತಿ ತಗೊಂಡು ಹೋಗ್ತಿದಾರೆ. ಎಚ್‌ಇವಿಸಿದು ಮಾತ್ರ ವಿಎಲ್‌ಎಸ್‌ಐ ಮೇಷ್ಟ್ರು ಬಿಟ್ರೆ ಯಾರೂ ಮುಟ್ಟಿಲ್ಲ, ಪಿಜಿ ಬ್ಯಾಚ್ ಬಂದ್ಮೇಲೆ ನೋಡ್ಬೇಕು. ಆನೆ ಕ್ಯಾಮೆರಾ ಈಗ ಮಳೇಲೂ ಕ್ಲಿಪ್ ಕಳಿಸುತ್ತೆ, ಮಂಜು ಜೋರಿದ್ದಾಗ ಇನ್ನೂ ತೊಂದ್ರೆ ಇದೆ, ಮಂಜಲ್ಲಿ ಚಿತ್ರ ಪೂರ್ತಿ ಬೂದು, ನಿಧಾನಕ್ಕೆ ಬದಲಾಗೋ ಆ ಬೂದಿ ಬಣ್ಣ ಒರಟಾಗಿ ಕ್ವಾಂಟೈಸ್ ಆದಾಗ ಪಟ್ಟೆ ಪಟ್ಟೆ ಬರುತ್ತೆ, ಮೋಷನ್ ಡಿಟೆಕ್ಟರ್ ಆ ಪಟ್ಟೆ ಸರಿಯೋದನ್ನೇ ಆನೆ ಅಂದ್ಕೊಳ್ಳುತ್ತೆ. ಮುಂದಿನ ಬ್ಯಾಚಿನ ಇಬ್ರು ಅದನ್ನ ತಗೊಂಡಿದಾರೆ. ಮುಂದಿನ ಲಿಸ್ಟಿಗೆ ಎವಿ1 ಮೇಲೆ ಒಂದು ಪುಸ್ತಕ ಹುಡುಕ್ತಿದೀನಿ, ಬ್ಲಾಕ್ ಒಂದನ್ನ ಕೊನೇ ತನಕ ಬಿಡಿಸಿ ತೋರಿಸಿರೋದು ಯಾರಾದ್ರೂ ನೋಡಿದ್ರೆ ದಯವಿಟ್ಟು ಹೇಳಿ, ಅದೇ 5ರ ಬ್ಲಾಕ್ ಹಾಕಿ ನೋಡ್ತೀವಿ.